ಆಟಕ್ಕುಂಟು, ಲೆಕ್ಕಕ್ಕೂ ಇರಬೇಕು

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ಓದುವಾಗ ಒಂದು ಗೊಂದಲ ಪದೇ ಪದೇ ಕಣ್ಣಿಗೆ ಬೀಳುತ್ತದೆ. ದುಡ್ಡು ಕಟ್ಟಿ ಚಕ್ರ ತಿರುಗಿಸುವ ಆ್ಯಪ್ ಗೇಮ್. ದ್ವೀಪವೊಂದರಲ್ಲಿ ಸುಮ್ಮನೆ ನಡೆಯುತ್ತ ಕಥೆ ಕೇಳುವುದೂ ಗೇಮ್. ಟೆಟ್ರಿಸ್ಸೂ ಗೇಮ್, ತನ್ನ ಪಾಡಿಗೆ ತಾನೇ ಹೊಡೆದಾಡಿಕೊಳ್ಳುವ ಮೊಬೈಲ್ ಯುದ್ಧವೂ ಗೇಮ್. ಪರದೆಯ ಮೇಲೆ ಏನಾದರೂ ಅಲುಗಾಡಿ, ಪಕ್ಕದಲ್ಲೊಂದು ಬಟನ್ ಇದ್ದರೆ ಮುಗಿಯಿತು. ಇಷ್ಟನ್ನೂ ಒಂದೇ ಗೋಣಿಗೆ ತುಂಬಿ ‘ಗೇಮ್ ಒಳ್ಳೆಯದೋ ಕೆಟ್ಟದ್ದೋ’ ಎಂದು ವಾದಕ್ಕೆ ಕೂತರೆ ಯಾರ ಮಾತು ಯಾವುದಕ್ಕೆ ಅನ್ವಯ ಎಂದೇ ತಿಳಿಯುವುದಿಲ್ಲ. ಕೈಯಲ್ಲಿರುವುದು ಆಟ ಹೌದೋ ಅಲ್ಲವೋ ಎಂಬುದು ಮೊದಲು ತೀರ್ಮಾನವಾಗಲಿ.

ಅದಕ್ಕೆ ಅಳತೆಗೋಲನ್ನು ಮಕ್ಕಳೇ ಮಾಡಿಟ್ಟಿದ್ದಾರೆ. ತೀರಾ ಚಿಕ್ಕವನೊಬ್ಬ ಹಟ ಮಾಡಿ ಆಟಕ್ಕೆ ಸೇರಿಕೊಂಡರೆ ಉಳಿದವರು ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಗುಟ್ಟಾಗಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಅವನು ಓಡುತ್ತಾನೆ, ಕೂಗುತ್ತಾನೆ, ಬೆವರುತ್ತಾನೆ. ಔಟಾದರೂ ಔಟಿಲ್ಲ, ಮುಟ್ಟಿದರೂ ಮುಟ್ಟಿದಂತಲ್ಲ. ಇವತ್ತು ಗೇಮ್ ಎಂದು ಕರೆಸಿಕೊಳ್ಳುವ ಎಷ್ಟೋ ತಂತ್ರಾಂಶಗಳು ಆಟಗಾರನನ್ನು ಇದೇ ಸ್ಥಾನದಲ್ಲಿ ಕೂರಿಸಿವೆ. ಅವನು ಲೆಕ್ಕಕ್ಕೆ ಇರುವವರೆಗೆ ಮಾತ್ರ ಅದು ಆಟ ಎಂಬುದು ಈ ಪತ್ರದ ವಾದ.

ಲೆಕ್ಕಕ್ಕಿರುವುದು ಎಂದರೆ ಏನೆಂದು ಯಂತ್ರದ ಒಳಗಿನಿಂದ ನೋಡಬಹುದು. ಸಾಮಾನ್ಯವಾಗಿ ಗೇಮ್ ಒಂದು ಸೆಕೆಂಡಿಗೆ 60 ಸಲ ಒಂದೇ ಕೆಲಸದ ಸುತ್ತು ಹೊಡೆಯುತ್ತದೆ: ಯಾವ ಬಟನ್ ಒತ್ತಿದೆ ಎಂದು ಓದುವುದು, ನಿಯಮಗಳನ್ನು ಅನ್ವಯಿಸುವುದು, ಯಾರು ಎಲ್ಲಿದ್ದಾರೆ, ಎಷ್ಟು ಜೀವ ಉಳಿದಿದೆ ಎಂಬ ಸ್ಥಿತಿಯನ್ನು ತಿದ್ದುವುದು, ತಿದ್ದಿದ್ದನ್ನು ಚಿತ್ರವಾಗಿ ತೋರಿಸುವುದು. ಒಂದು ಸುತ್ತಿಗೆ ಸುಮಾರು 16.7 ಮಿಲಿಸೆಕೆಂಡ್. ತೋರಿಸಿದ್ದನ್ನು ನೋಡಿ ಆಟಗಾರ ಮುಂದಿನ ಬಟನ್ ಒತ್ತುತ್ತಾನೆ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಆಟ ಸಡಿಲಾಗುತ್ತದೆ. ಒತ್ತಿದ್ದನ್ನು ಯಂತ್ರ ಓದದಿದ್ದರೆ ಅದು ಸಿನಿಮಾ. ಓದಿಯೂ ಸ್ಥಿತಿ ಬದಲಾಗದಿದ್ದರೆ ಅದು ನಾಟಕ. ಬದಲಾಗಿದ್ದು ಆಟಗಾರನಿಗೆ ಕಾಣದಿದ್ದರೆ ಅವನ ಮುಂದಿನ ಒತ್ತು ಕುರುಡು ಒತ್ತು.

ಸರಪಳಿ ಗಟ್ಟಿಯಾಗಿದ್ದರೆ ಹೇಗಿರುತ್ತದೆ ಎನ್ನಲು 1978ರಲ್ಲಿ ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್ ಸಾಕು. ಮೇಲಿನಿಂದ ಇಳಿದು ಬರುವ ವೈರಿಗಳನ್ನು ಗುಂಡು ಹಾರಿಸಿ ಉರುಳಿಸುವ ಗೇಮ್ ಅದು. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ವೈರಿಗಳು. ಅಷ್ಟನ್ನೂ ಒಟ್ಟಿಗೆ ಸರಿಸುವ ತಾಕತ್ತು ಆ ಕಾಲದ ಪ್ರೊಸೆಸರ್‌ಗೆ ಇರಲಿಲ್ಲ. ಫ್ರೇಮಿಗೆ, ಅಂದರೆ ಪರದೆಯ ಒಂದು ಚಿತ್ರಕ್ಕೆ, ಒಬ್ಬನಂತೆ ಸರಿಸುತ್ತಿತ್ತು. ಹಾಗಾಗಿ 55 ಮಂದಿ ಇದ್ದಾಗ ಇಡೀ ಪಡೆ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡ್. ಹತ್ತು ಮಂದಿ ಉಳಿದಾಗ ಸೆಕೆಂಡಿಗೆ ಆರು ಹೆಜ್ಜೆ. ಒಬ್ಬನೇ ಉಳಿದರೆ ಪ್ರತಿ ಫ್ರೇಮಿಗೂ ಅವನದೇ ಸರದಿ, ದಿಕ್ಕೆಟ್ಟ ಓಟ. ಯಂತ್ರದ ಬಡತನದಿಂದ ಹುಟ್ಟಿದ ಈ ಗುಣವನ್ನು ನಿಶಿಕಾಡೊ ತಿದ್ದದೆ ಹಾಗೇ ಉಳಿಸಿಕೊಂಡರು. ಗುರಿ ಮುಟ್ಟಿದ ಪ್ರತಿ ಗುಂಡೂ ಮುಂದಿನ ಗುಂಡನ್ನು ಕಷ್ಟ ಮಾಡುತ್ತದೆ. ಯಾರನ್ನು ಮೊದಲು ಹೊಡೆದೆವು ಎಂಬುದೂ ಲೆಕ್ಕಕ್ಕೆ ಬರುತ್ತದೆ: ಪಡೆ ಪರದೆಯ ಅಂಚು ತಾಕಿದಾಗ ಒಂದು ಮೆಟ್ಟಿಲು ಕೆಳಗಿಳಿಯುವುದರಿಂದ, ಎರಡೂ ಬದಿಯ ನಿಲುಸಾಲುಗಳನ್ನು ಮೊದಲು ಉರುಳಿಸಿದರೆ ಅಂಚು ತಲುಪಲು ಅದು ಹೆಚ್ಚು ದೂರ ನಡೆಯಬೇಕು, ಇಳಿಯುವುದು ತಡವಾಗುತ್ತದೆ. ಮಧ್ಯಕ್ಕೆ ಹೊಡೆದರೆ ಈ ಲಾಭ ಇಲ್ಲ. ಕಪ್ಪು-ಬಿಳುಪು ಚುಕ್ಕೆಗಳ ಆ ಗೇಮಿನಲ್ಲಿ ಆಟಗಾರ ಎಷ್ಟು ಆಳಕ್ಕೆ ಲೆಕ್ಕಕ್ಕಿದ್ದಾನೆ ನೋಡಿ.

ಓಣಿಗಳಲ್ಲಿ ಚುಕ್ಕೆ ತಿನ್ನುತ್ತ ದೆವ್ವಗಳಿಂದ ತಪ್ಪಿಸಿಕೊಳ್ಳುವ 1980ರ ಪ್ಯಾಕ್‌ಮ್ಯಾನ್ ಇನ್ನೂ ನಯ. ತೋರು ಇವಾಟಾನಿ ಅದರ ನಾಲ್ಕು ದೆವ್ವಗಳಿಗೆ ನಾಲ್ಕು ಬುದ್ಧಿ ಕೊಟ್ಟಿದ್ದಾರೆ. ಕೆಂಪು ದೆವ್ವ ಆಟಗಾರ ನಿಂತ ಚೌಕಕ್ಕೇ ಗುರಿಯಿಡುತ್ತದೆ. ಗುಲಾಬಿಯದು ಅವನ ಮುಖ ಇರುವ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದಕ್ಕೆ. ತಿಳಿನೀಲಿ ದೆವ್ವ ಆಟಗಾರನ ಜೊತೆಗೆ ಕೆಂಪು ದೆವ್ವ ಎಲ್ಲಿದೆ ಎಂಬುದನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಕಿತ್ತಳೆಯದು ದೂರದಿಂದ ಅಟ್ಟಿಸಿಕೊಂಡು ಬಂದು, ಎಂಟು ಚೌಕದೊಳಕ್ಕೆ ಬಂದ ಕೂಡಲೇ ತನ್ನ ಮೂಲೆಗೆ ತಿರುಗಿಬಿಡುತ್ತದೆ. ಆಟಗಾರ ಒಮ್ಮೆ ಎಡಕ್ಕೆ ಹೊರಳಿದರೆ ನಾಲ್ಕು ಉತ್ತರ ಹೊರಡುತ್ತವೆ. ಆದರೆ ಅಟ್ಟಿಸುವ ಹೊತ್ತಿನಲ್ಲಿ ಇಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಒಂದೇ ರೀತಿ ಆಡಿದರೆ ಒಂದೇ ರೀತಿ ನಡೆಯುತ್ತದೆ. ಪಳಗಿದವರು ದಾರಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರು. ಹಾಗೆ ಒಪ್ಪಿಸುವವನ ಕೈ ಆಡುತ್ತಿದೆ, ತಲೆ ಆಡುತ್ತಿಲ್ಲ. 1982ರ ಮಿಸ್ ಪ್ಯಾಕ್‌ಮ್ಯಾನ್‌ನಲ್ಲಿ ದೆವ್ವಗಳ ಚಲನೆಗೆ ಒಂದಿಷ್ಟು ಅನಿಶ್ಚಿತತೆ ಬೆರೆಸಿದ ಮೇಲೆ ಬಾಯಿಪಾಠ ಕೆಲಸಕ್ಕೆ ಬಾರದಾಯಿತು. ಅದೃಷ್ಟ ಬಂದರೆ ಆಟ ಕೆಡುತ್ತದೆ ಎನ್ನುವವರಿಗೆ ಇದು ಉತ್ತರ: ಹದವಾಗಿ ಬೆರೆತರೆ ಅದೇ ಆಟಗಾರನನ್ನು ಮತ್ತೆ ಯೋಚನೆಗೆ ಹಚ್ಚುತ್ತದೆ.

ಈಗ ಪರೀಕ್ಷೆಗೆ ಬರೋಣ. ಯಾವ ಗೇಮನ್ನೇ ಆಗಲಿ ಅದರ ಒಂದು ಹಂತವನ್ನು ಮೂರು ಬಗೆಯಲ್ಲಿ ಆಡಿ. ಮೊದಲು ಕೈ ತೆಗೆದು ಸುಮ್ಮನೆ ಕೂರಿ. ಎರಡನೆಯ ಸಲ ಪರದೆ ನೋಡದೆ ಸಿಕ್ಕ ಸಿಕ್ಕ ಬಟನ್ ಒತ್ತಿ. ಮೂರನೆಯ ಸಲ ಗಮನವಿಟ್ಟು, ಗೆಲ್ಲಲೆಂದೇ ಆಡಿ. ಪ್ರತಿ ಬಗೆಯನ್ನೂ ಕನಿಷ್ಠ ಹತ್ತು ಸಲ ಮಾಡಿ ಫಲಿತಾಂಶ ಬರೆದಿಟ್ಟುಕೊಳ್ಳಿ: ಎಷ್ಟು ದೂರ ಹೋಯಿತು, ಎಷ್ಟು ಅಂಕ ಬಂತು, ಎಷ್ಟು ಹೊತ್ತು ಬದುಕಿತು. ಮೂರೂ ಒಂದೇ ಆದರೆ ಆಟಗಾರ ಲೆಕ್ಕಕ್ಕಿಲ್ಲ. ಮೊದಲನೆಯದು ಬೇರೆಯಾಗಿ, ಎರಡು-ಮೂರು ಒಂದೇ ಆದರೆ ಬೆರಳು ಲೆಕ್ಕಕ್ಕಿದೆ, ಬುದ್ಧಿ ಇಲ್ಲ. ಮೂರನೆಯದು ಎದ್ದು ಬೇರೆ ನಿಂತರೆ ಆಟ ಎನ್ನಲು ಅಡ್ಡಿಯಿಲ್ಲ.

ಇಲ್ಲಿ ಎಡವುವ ಜಾಗಗಳೂ ಇವೆ. ಒಂದೇ ಸಲ ಆಡಿ ತೀರ್ಪು ಕೊಟ್ಟರೆ ಅದು ಅದೃಷ್ಟದ ತೀರ್ಪು. ಒಂದೇ ಸೇವ್‌ನಿಂದ (ಆಟವನ್ನು ಉಳಿಸಿಟ್ಟ ಜಾಗದಿಂದ), ಒಂದೇ ಕಷ್ಟದ ಮಟ್ಟದಿಂದ ಶುರು ಮಾಡದಿದ್ದರೆ ಹೋಲಿಕೆಯೇ ಸುಳ್ಳು. ಕೆಲವು ಗೇಮ್‌ಗಳು ಆಟಗಾರನಿಗೆ ಹೇಳದೆ ಕಷ್ಟವನ್ನು ಏರಿಳಿಸುತ್ತವೆ. 2005ರ ರೆಸಿಡೆಂಟ್ ಈವಿಲ್ 4ರಲ್ಲಿ ಪದೇ ಪದೇ ಸೋತವನಿಗೆ ಎದುರಾಳಿಗಳು ಸಡಿಲಾಗುತ್ತಾರೆ. ಅಂಥದ್ದರಲ್ಲಿ ಹತ್ತು ಸಲವೂ ಹೊಸದಾಗಿ ಆರಂಭಿಸಬೇಕು, ಇಲ್ಲವಾದರೆ ಮೊದಲ ಸೋಲುಗಳು ನಂತರದ ಫಲಿತಾಂಶವನ್ನು ಮೇಲೆತ್ತುತ್ತವೆ. ಗಾಡಿ ಓಟದ ಗೇಮ್ ಮಾರಿಯೊ ಕಾರ್ಟ್‌ನಲ್ಲಿ ಹಿಂದೆ ಬಿದ್ದವರ ಕೈಗೆ ಬಲವಾದ ಸಾಮಗ್ರಿ ಬೀಳುವಂತೆ ಹಂಚಿಕೆ ಇರುವುದರಿಂದ ಎಷ್ಟನೆಯ ಸ್ಥಾನ ಬಂತು ಎನ್ನುವುದಕ್ಕಿಂತ ಸುತ್ತು ಮುಗಿಸಿದ ಸಮಯ ಹೆಚ್ಚು ಸತ್ಯ ಹೇಳುತ್ತದೆ. ಹೊಡೆದಾಟದ ಗೇಮ್‌ಗಳಲ್ಲಿ ತೀರಾ ಸುಲಭದ ಎದುರಾಳಿಯನ್ನು ಕುರುಡು ಬಟನ್ನೂ ಕೆಡವುತ್ತದೆ. ಮಧ್ಯಮ ಮಟ್ಟಕ್ಕೆ ಇಟ್ಟು ನೋಡಿ.

ಪರೀಕ್ಷೆ ಸೋಲುವ ಕಡೆಯೂ ಒಂದಿದೆ, ಒಪ್ಪಿಕೊಳ್ಳುತ್ತೇನೆ. ಹಾವು-ಏಣಿಯಲ್ಲಿ ಜಾಣನಿಗೂ ದಡ್ಡನಿಗೂ ದಾಳ ಒಂದೇ. ಆದರೂ ಅದನ್ನು ಆಟ ಅಲ್ಲ ಎನ್ನಲು ಬಾಯಿ ಬರುವುದಿಲ್ಲ. ಅಲ್ಲಿ ಆಟ ನಡೆಯುವುದು ಸುತ್ತ ಕೂತವರ ನಡುವೆ: 98ಕ್ಕೆ ಬಂದವನು ಹಾವಿನ ಬಾಯಿಗೆ ಬಿದ್ದಾಗ ಏಳುವ ಗಲಾಟೆಯಲ್ಲಿ. ಅದನ್ನೇ ಕಂಪ್ಯೂಟರಿಗೆ ಹಾಕಿ, ನಾಲ್ಕೂ ಕಾಯಿಗಳನ್ನು ಕಂಪ್ಯೂಟರೇ ನಡೆಸುವಂತೆ ಮಾಡಿ ಒಬ್ಬನೇ ನೋಡುತ್ತ ಕೂತರೆ ಉಳಿಯುವುದು ಅಂಕಿಗಳ ಮೆರವಣಿಗೆ.

ಗೆಲುವು ಇರಲೇಬೇಕು ಎನ್ನುವವರೂ ಇದ್ದಾರೆ. ಅಲೆಕ್ಸಿ ಪಾಜಿಟ್ನೋವ್ 1980ರ ದಶಕದ ನಡುವಿನಲ್ಲಿ ಮಾಡಿದ ಟೆಟ್ರಿಸ್‌ನಲ್ಲಿ ಗೆಲುವೇ ಇಲ್ಲ. ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸಬೇಕು, ತುಂಬಿದ ಸಾಲು ಅಳಿಯುತ್ತದೆ. ಎಷ್ಟು ತಡವಾಗಿ ಸೋಲುತ್ತೇವೆ ಎಂಬುದಷ್ಟೇ. ಆದರೂ ಅದರಲ್ಲಿ ಮೇಲು-ಕೀಳು ಸ್ಪಷ್ಟ. ನಿಂಟೆಂಡೊದ ಹಳೆಯ ಆವೃತ್ತಿಯಲ್ಲಿ ಆರಂಭದ ಮಟ್ಟದಲ್ಲಿ ಒಂದು ಸಾಲು ಅಳಿಸಿದರೆ 40 ಅಂಕ, ಎರಡಕ್ಕೆ 100, ಮೂರಕ್ಕೆ 300, ನಾಲ್ಕನ್ನು ಒಟ್ಟಿಗೆ ಅಳಿಸಿದರೆ 1200. ಬಿಡಿಬಿಡಿಯಾಗಿ ನಾಲ್ಕು ಸಾಲು ಅಳಿಸಿದವನಿಗೆ 160 ಮಾತ್ರ. ಹಾಗಾಗಿ ಒಂದು ಅಂಚನ್ನು ಬಾವಿಯಂತೆ ಖಾಲಿ ಬಿಟ್ಟು ಉದ್ದ ಕಡ್ಡಿಗೆ ಕಾಯಬೇಕೋ, ಎದೆಮಟ್ಟ ಬಂದಿದೆ ಎಂದು ಈಗಲೇ ಅಳಿಸಬೇಕೋ ಎಂಬ ಪ್ರಶ್ನೆ ಪ್ರತಿ ತುಂಡಿಗೂ ಎದುರಾಗುತ್ತದೆ. ಆ ಹಳೆಯ ಆವೃತ್ತಿಯಲ್ಲಿ ಕಡ್ಡಿ ಎಷ್ಟು ಹೊತ್ತು ಬೇಕಾದರೂ ಬಾರದೆ ಇರಬಹುದು. ಈಗಿನ ಆವೃತ್ತಿಗಳು ಏಳೂ ಆಕಾರಗಳನ್ನು ಒಂದು ಚೀಲಕ್ಕೆ ಹಾಕಿ ಕಲೆಸಿ, ಖಾಲಿಯಾಗುವವರೆಗೆ ಒಂದೊಂದಾಗಿ ತೆಗೆಯುತ್ತವೆ. ಆದ್ದರಿಂದ ಎರಡು ಕಡ್ಡಿಗಳ ನಡುವೆ ಹೆಚ್ಚೆಂದರೆ 12 ತುಂಡು. ಅದೃಷ್ಟಕ್ಕೆ ಹೀಗೆ ಕಡಿವಾಣ ಹಾಕಿದ ಮೇಲೆ ‘ನನ್ನ ಹಣೆಬರಹ’ ಎಂದು ನೆಪ ಹೇಳುವುದು ಕಷ್ಟ.

ನೋಡಿದರೆ ತೀರಾ ಪೆದ್ದು ಎನಿಸುವ ಗೇಮೂ ಕೆಲವೊಮ್ಮೆ ಪಾಸಾಗುತ್ತದೆ. 2013ರ ಕುಕೀ ಕ್ಲಿಕ್ಕರ್‌ನಲ್ಲಿ ಬಿಸ್ಕತ್ತಿನ ಚಿತ್ರವನ್ನು ಒತ್ತಿದರೆ ಒಂದು ಬಿಸ್ಕತ್ತು. ಕೂಡಿಟ್ಟ ಬಿಸ್ಕತ್ತಿನಿಂದ ತಾನಾಗಿ ಒತ್ತುವ ಕರ್ಸರ್, ಅಜ್ಜಿ, ಹೊಲ ಮುಂತಾದವನ್ನು ಕೊಳ್ಳಬಹುದು. ಮೊದಲ ಕರ್ಸರ್‌ಗೆ 15 ಬಿಸ್ಕತ್ತು, ಅದರಿಂದ ಸೆಕೆಂಡಿಗೆ 0.1, ಹಾಕಿದ್ದು ವಾಪಸಾಗಲು 150 ಸೆಕೆಂಡ್. ಅಜ್ಜಿಗೆ 100, ಸೆಕೆಂಡಿಗೆ 1. 100 ಸೆಕೆಂಡಿನಲ್ಲೇ ವಾಪಸ್. ದುಬಾರಿಯಾದರೂ ಅಜ್ಜಿಯೇ ಲಾಭ. ಆದರೆ ಒಂದೊಂದು ಕೊಂಡಂತೆ ಅದೇ ವಸ್ತುವಿನ ಬೆಲೆ ಶೇ 15ರಷ್ಟು ಏರುತ್ತದೆ. ನಾಲ್ಕನೆಯ ಅಜ್ಜಿಗೆ 153 ಆಗಿರುತ್ತದೆ, ವಾಪಸಿಗೆ 153 ಸೆಕೆಂಡ್. ಮೊದಲ ಹೊಲಕ್ಕೆ 1100 ಬಿಸ್ಕತ್ತು, ಸೆಕೆಂಡಿಗೆ 8, ಅಂದರೆ ವಾಪಸಿಗೆ 137.5 ಸೆಕೆಂಡ್. ಬರೀ ಈ ಲೆಕ್ಕದಲ್ಲಿ ಹೊಲ ಮೇಲು. ಆದರೆ 1100 ಕೂಡಿಡುವವರೆಗೆ ಕಾಯಬೇಕಲ್ಲ, ಆ ಹೊತ್ತಿನಲ್ಲಿ ಅಜ್ಜಿ ದುಡಿದಿರುತ್ತಿದ್ದಳಲ್ಲ? ಇಷ್ಟು ಯೋಚನೆ ಬಂದ ಕೂಡಲೇ ಪೆದ್ದು ಕ್ಲಿಕ್ಕು ಆಟವಾಯಿತು.

ಈ ಲೆಕ್ಕವನ್ನೂ ಯಂತ್ರವೇ ಮಾಡಿಬಿಟ್ಟರೆ? 2002ರಷ್ಟು ಹಿಂದೆಯೇ ಪ್ರೋಗ್ರೆಸ್ ಕ್ವೆಸ್ಟ್ ಎಂಬ ಅಣಕ ಗೇಮ್ ಬಂದಿತ್ತು. ಪಾತ್ರವನ್ನು ಆರಿಸಿ ಬಿಟ್ಟರೆ ಆಯಿತು, ರಾಕ್ಷಸರನ್ನು ಕೊಲ್ಲುವುದು, ಲೂಟಿ ಮಾರುವುದು, ಮಟ್ಟ ಏರುವುದು ಎಲ್ಲ ತಾನಾಗಿ. ಆಟಗಾರನಿಗೆ ಉಳಿದಿದ್ದು ತುಂಬುತ್ತಿರುವ ಪಟ್ಟಿಗಳನ್ನು ನೋಡುವುದು. ಅಂದು ನಗೆಚಾಟಿಕೆಯಾಗಿದ್ದದ್ದು ಇಂದು ಮೊಬೈಲ್ ಗೇಮ್‌ಗಳಲ್ಲಿ ‘ಆಟೊ’ ಬಟನ್ ಆಗಿ ಗಂಭೀರವಾಗಿ ಕೂತಿದೆ. ಅದು ಬಂದ ಬಗೆಯೂ ಸ್ವಾರಸ್ಯ. ಗೇಮನ್ನು ತಿಂಗಳುಗಟ್ಟಲೆ ಎಳೆಯಲು ಒಂದೇ ಹಂತವನ್ನು ನೂರು ಸಲ ಆಡಿಸುತ್ತಾರೆ. ಹತ್ತನೆಯ ಸಲಕ್ಕೆ ಆಟಗಾರನಿಗೆ ಬೇಸರ. ಬೇಸರ ಕಳೆಯಲು ಆಟೊ. ಆಟೊ ಚೆನ್ನಾಗಿ ಆಡಬೇಕಾದರೆ ಹಂತಗಳು ಆಟೊ ನಿಭಾಯಿಸುವಷ್ಟು ಸರಳವಾಗಿರಬೇಕು. ಸರಳವಾದರೆ ಗೆಲುವನ್ನು ತೀರ್ಮಾನಿಸುವುದು ಪಾತ್ರದ ‘ಪವರ್’ ಸಂಖ್ಯೆ ಒಂದೇ. ಆ ಸಂಖ್ಯೆ ಏರುವುದು ಕಾಯುವುದರಿಂದ ಅಥವಾ ಕೊಳ್ಳುವುದರಿಂದ. ಬೇಸರವೇ ಬಾರದಂತೆ ಹಂತಗಳನ್ನು ಕಡಿಮೆ ಮಾಡಬಹುದಿತ್ತು. ಆಗ ಮಾರಲು ಏನೂ ಇರುತ್ತಿರಲಿಲ್ಲ.

ನೆರವು ಎಲ್ಲವೂ ಹೀಗೆ ಎಂದು ತಿಳಿಯಬಾರದು. ಜಿಗಿಯುತ್ತ ಬೆಟ್ಟ ಹತ್ತುವ 2018ರ ಗೇಮ್ ಸೆಲೆಸ್ಟ್‌ನಲ್ಲಿ ಬಂಡೆಯ ಅಂಚು ದಾಟಿದ ಮೇಲೂ 0.1 ಸೆಕೆಂಡಿನವರೆಗೆ ಜಿಗಿತದ ಬಟನ್ ಕೆಲಸ ಮಾಡುತ್ತದೆ. ಗಾಳಿಯಲ್ಲಿ ನಿಂತು ಜಿಗಿದಂತೆ. ಭೌತಶಾಸ್ತ್ರ ಒಪ್ಪದ ಮಾತು. ಕಣ್ಣಿಗೆ ಅಂಚು ಕಂಡು ಬೆರಳು ಒತ್ತುವಷ್ಟರಲ್ಲಿ ಆಗುವ ತಡವನ್ನು ಇದು ತುಂಬಿಕೊಡುವುದರಿಂದ ‘ನಾನು ಒತ್ತಿದ್ದೆನಲ್ಲ’ ಎಂಬ ದೂರು ನಿಲ್ಲುತ್ತದೆ. ಅಂದರೆ ಒತ್ತಿದ್ದು ಲೆಕ್ಕಕ್ಕೆ ಬರಲಿ ಎಂದೇ ಹೇಳಿದ ಸುಳ್ಳು. ಅದೇ ಗೇಮಿನಲ್ಲಿ ವೇಗವನ್ನು ಅರ್ಧದವರೆಗೆ ಇಳಿಸಿಕೊಳ್ಳುವ ಸೌಲಭ್ಯವೂ ಇದೆ. ಕೈ ನಿಧಾನವಿರುವವರಿಗೆ ಅದು ಆಟದ ಬಾಗಿಲು ತೆರೆಯುತ್ತದೆ; ಇಳಿಸುವ ನಿರ್ಧಾರ ಆಟಗಾರನದೇ, ಇಳಿಸಿದ ಮೇಲೂ ಜಿಗಿಯಬೇಕಾದವನು ಅವನೇ.

ಇನ್ನು ಆಟ ಮತ್ತು ಆಟಿಕೆ. ಚೆಂಡು ಆಟಿಕೆ, ಗೋಡೆಗೆ ಒಂದು ಗೆರೆ ಎಳೆದು ‘ಇದರ ಮೇಲೆ ಬಡಿದರೆ ಮಾತ್ರ’ ಎಂದರೆ ಆಟ. ನಗರ ಕಟ್ಟುವ 1989ರ ಸಿಮ್‌ಸಿಟಿಯನ್ನು ಅದರ ಕರ್ತೃ ವಿಲ್ ರೈಟ್ ಅವರೇ ಆಟಿಕೆಯ ಸಾಲಿಗೆ ಸೇರಿಸಿದ್ದರು. ಮೈನ್‌ಕ್ರಾಫ್ಟ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತೋರಿಸುತ್ತದೆ. ಕ್ರಿಯೇಟಿವ್ ವಿಧಾನದಲ್ಲಿ ಇಟ್ಟಿಗೆ, ಮರ, ಕಲ್ಲು ಎಷ್ಟು ಬೇಕೋ ಅಷ್ಟು. ಸಾವಿನ ಭಯವಿಲ್ಲ, ಹಾರಬಹುದು. ಸರ್ವೈವಲ್‌ಗೆ ಬದಲಿಸಿ ನೋಡಿ. ಹಗಲು 10 ನಿಮಿಷ, ಕತ್ತಲಾದರೆ ದೆವ್ವ-ಭೂತ. ಅಷ್ಟರೊಳಗೆ ಬರಿಗೈಯಲ್ಲಿ ಮರ ಕಡಿಯಬೇಕು. ಒಂದು ದಿಮ್ಮಿಗೆ ನಾಲ್ಕು ಹಲಗೆ, ಕೆಲಸದ ಮೇಜಿಗೆ ನಾಲ್ಕು ಹಲಗೆ, ಎರಡು ಹಲಗೆಗೆ ನಾಲ್ಕು ಕೋಲು, ಮರದ ಪಿಕಾಸಿಗೆ ಮೂರು ಹಲಗೆ ಎರಡು ಕೋಲು. ಒಟ್ಟು ಒಂಬತ್ತು ಹಲಗೆ, ಅಂದರೆ ಮೂರು ದಿಮ್ಮಿ. ಕಲ್ಲಿನ ಚಿತ್ರ ಎರಡೂ ಕಡೆ ಒಂದೇ. ಇಲ್ಲಿ ಮಾತ್ರ ಆ ಕಲ್ಲಿಗೆ ತೂಕ ಬಂದಿದೆ, ಏಕೆಂದರೆ ಅದು ಖರ್ಚಾಗುತ್ತದೆ. ಆಟಿಕೆ ಕೀಳು ಎಂದು ಅರ್ಥವಲ್ಲ. ಕ್ರಿಯೇಟಿವ್‌ನಲ್ಲಿ ಕಟ್ಟಿದ ಅರಮನೆಗಳ ಮುಂದೆ ಎಷ್ಟೋ ಗೇಮ್‌ಗಳು ಸಪ್ಪೆ.

ಕಥೆ ಹೇಳುವ ಗೇಮ್‌ಗಳ ಕಷ್ಟ ಬೇರೆ. ಪ್ರತಿ ತಿರುವಿನಲ್ಲಿ ಎರಡು ಆಯ್ಕೆ, ಅಂಥ ಹತ್ತು ತಿರುವು ಎಂದರೆ 1024 ಕೊನೆಗಳು. ಒಂದೊಂದು ಕೊನೆಗೆ ಐದು ನಿಮಿಷದ ದೃಶ್ಯ ಎಂದರೂ 85 ಗಂಟೆ. ಯಾವ ತಂಡವೂ ಅಷ್ಟನ್ನು ಮಾಡಲಾರದು. ಹಾಗಾಗಿ ಕವಲುಗಳನ್ನು ಮತ್ತೆ ಒಂದೇ ದಾರಿಗೆ ಕೂಡಿಸುತ್ತಾರೆ. ಇದರಲ್ಲಿ ಮೋಸವಿಲ್ಲ, ಹಿಂದಿನ ಆಯ್ಕೆಯನ್ನು ಎಲ್ಲೋ ಬರೆದಿಟ್ಟುಕೊಂಡು ಮುಂದೆ ಬಳಸಿದರೆ: ಅಂದು ಕೈಬಿಟ್ಟವನು ಇಂದು ಬಾಗಿಲು ತೆರೆಯುವುದಿಲ್ಲ ಎಂಬಂತೆ. ಮೂರು ಉತ್ತರಕ್ಕೂ ಎದುರಿನವನು ಒಂದೇ ಮಾತು ಹೇಳಿ, ಅದು ಮತ್ತೆಲ್ಲೂ ಪ್ರಸ್ತಾಪವೇ ಆಗದಿದ್ದರೆ ಆಯ್ಕೆ ಬರೀ ಅಲಂಕಾರ. ಸೇವ್ ಮಾಡಿ ಮೂರನ್ನೂ ಒತ್ತಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. 1983ರ ಡ್ರ್ಯಾಗನ್ಸ್ ಲೇರ್ ಲೇಸರ್ ಡಿಸ್ಕ್‌ನ ಕಾರ್ಟೂನು. ಸರಿಯಾದ ಗಳಿಗೆಯಲ್ಲಿ ಸರಿಯಾದ ಕಡೆಗೆ ಕೋಲು ತಳ್ಳದಿದ್ದರೆ ಸಾಯುವ ದೃಶ್ಯ. ನೂಲೆಳೆಯಷ್ಟು ಅಂತರದಲ್ಲಿ ಅದು ಆಟ, ಏಕೆಂದರೆ ಇರುವ ಒಂದೇ ಸರಿಯುತ್ತರವನ್ನು ಸಾಯುತ್ತ ಕಲಿಯುವುದಷ್ಟೇ ಅಲ್ಲಿ ಉಳಿದಿರುವುದು. 2012ರ ಡಿಯರ್ ಎಸ್ತರ್‌ನಲ್ಲಿ ಅದೂ ಇಲ್ಲ. ದ್ವೀಪದಲ್ಲಿ ನಡೆಯುವುದು, ದನಿಯೊಂದು ಓದುವ ಪತ್ರದ ತುಣುಕು ಕೇಳುವುದು. ನನ್ನ ಮಟ್ಟಿಗೆ ಅದು ಆಟವಲ್ಲ, ಒಳ್ಳೆಯ ಕೃತಿ. ಬೊಂಬೆಯಾಟಕ್ಕೂ ಸಿನಿಮಾದ ಎರಡನೇ ಆಟಕ್ಕೂ ‘ಆಟ’ ಎನ್ನುವ ಭಾಷೆ ನಮ್ಮದು, ನೋಡುವ ಆಟ ಎಂದರೆ ಯಾರಿಗೂ ಅವಮಾನವಾಗಬೇಕಿಲ್ಲ.

ಜೂಜಿನ ವಿಷಯದಲ್ಲಿ ಇಷ್ಟು ಉದಾರವಾಗಿರಲು ಆಗದು. ಒಳಗೇನಿದೆ ಎಂದು ತಿಳಿಯದೆಯೇ ಕೊಳ್ಳಬೇಕಾದ, ಗೇಮಿನೊಳಗೆ ಮಾರುವ ಲೂಟ್ ಬಾಕ್ಸ್ ಒತ್ತಿದಾಗ ಪೆಟ್ಟಿಗೆ ಕುಣಿಯುತ್ತದೆ, ಬೆಳಕು ಚಿಮ್ಮುತ್ತದೆ, ಅಪರೂಪದ ವಸ್ತು ಇನ್ನೇನು ಬಂತು ಎಂಬಂತೆ ಹೊರಳಿ ಜಾರುತ್ತದೆ. ಫಲಿತಾಂಶವನ್ನು ಸರ್ವರ್ ಆಗಲೇ ಆರಿಸಿಯಾಗಿರುತ್ತದೆ; ಮಿಕ್ಕಿದ್ದು ಸಿನಿಮಾ. ಶೇ 1ರ ಸಾಧ್ಯತೆ ಎಂದರೆ ನೂರು ಸಲಕ್ಕೆ ಒಂದು ಖಾತ್ರಿ ಎಂದು ಬಹಳ ಜನ ನಂಬುತ್ತಾರೆ. ಬರುವುದೋ ಬಾರದಿರುವುದೋ ಸಮಸಮ ಎನ್ನಲೇ 69 ಸಲ ತೆರೆಯಬೇಕು. ನೂರು ಸಲ ತೆರೆದವರಲ್ಲಿ ಸುಮಾರು ಶೇ 37 ಮಂದಿಗೆ ಒಂದೂ ಸಿಕ್ಕಿರುವುದಿಲ್ಲ, 101ನೆಯ ಸಲಕ್ಕೂ ಅದೇ ಶೇ 1. ಇಲ್ಲಿ ಆಟಗಾರನ ಕೈಯಲ್ಲಿರುವ ನಿರ್ಧಾರ ದುಡ್ಡು ಹಾಕುವುದೋ ಬಿಡುವುದೋ ಎಂಬುದೊಂದೇ. ಚೀನಾ 2017ರಲ್ಲಿ ಸಾಧ್ಯತೆಯ ಪ್ರಮಾಣ ಪ್ರಕಟಿಸುವುದನ್ನು ಕಡ್ಡಾಯ ಮಾಡಿತು. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜಿನ ಕಾನೂನಿನಡಿ ತಂದಿತು. ಗೇಮಿನ ಉಳಿದ ಭಾಗ ಎಷ್ಟೇ ಚೆನ್ನಾಗಿರಲಿ, ಆ ಪೆಟ್ಟಿಗೆಯನ್ನು ಜೂಜು ಎಂದೇ ಬರೆಯಬೇಕು.

ಪತ್ರಿಕೆಯಲ್ಲಿ ಒಂದು ಕೋರಿಕೆ. ಗೇಮ್ ವಿಮರ್ಶೆ ಎಂದರೆ ಗ್ರಾಫಿಕ್ಸ್ ಚೆಂದ, 40 ಗಂಟೆ ಆಡಬಹುದು ಎಂಬಲ್ಲಿಗೆ ನಿಲ್ಲುತ್ತಿದೆ. ಜೊತೆಗೆ ಮೂರು ಸಂಗತಿ ಬರಲಿ. ಆಟೊ ಬಟನ್ ಇದೆಯೇ, ಅದನ್ನು ಬಳಸದೆ ಕೈಯಲ್ಲಿ ಆಡಿದವನಿಗೆ ಹೆಚ್ಚು ಸಿಗುತ್ತದೋ ಕಡಿಮೆಯೋ. ದುಡ್ಡು ಕೊಟ್ಟರೆ ಕೊಳ್ಳಬಹುದಾದದ್ದು ಬಟ್ಟೆ-ಬಣ್ಣವೋ, ಗೆಲುವೋ. ಮೊದಲ ಒಂದು ಗಂಟೆಯಲ್ಲಿ ನಿಯಂತ್ರಣ ಆಟಗಾರನ ಕೈಯಲ್ಲಿದ್ದದ್ದು ಎಷ್ಟು ನಿಮಿಷ. ಕೊನೆಯದಕ್ಕೆ ಸ್ಟಾಪ್‌ವಾಚ್ ಸಾಕು: ದೃಶ್ಯ ಶುರುವಾದಾಗ ನಿಲ್ಲಿಸಿ, ಪಾತ್ರ ಕೈಗೆ ಬಂದಾಗ ಓಡಿಸಿ. ಬರೀ ಮುಂದಕ್ಕೆ ನಡೆಯಲು ಮಾತ್ರ ಬಿಡುವ ಓಣಿಯಲ್ಲಿ ಪಾತ್ರ ಕೈಗೆ ಬಂದಂತೆ ಕಂಡರೂ, ಗಡಿಯಾರ ನಿಂತೇ ಇರಲಿ.

ಇಂತಿ,
ಓರ್ವ ಗೇಮ್ ಪರೀಕ್ಷಕ